ಕಾಲೇಜಿನ ಲ್ಯಾಪ್‌ಟಾಪ್ ಕೈಗೆ ಬರಲು ಎಷ್ಟು ಕಾಲ ಬೇಕು?

ಪ್ರಶ್ನೆ: ವಿರಾಜಪೇಟೆ ತಾಲ್ಲೂಕಿನ ಪದವಿ ಕಾಲೇಜೊಂದರ ಕಚೇರಿಗೆ ನಾನು ಜೂನ್ ತಿಂಗಳಲ್ಲಿ ಸೇರಿದೆ. ಪ್ರವೇಶಾತಿ, ಪರೀಕ್ಷಾ ಶುಲ್ಕ, ವಿದ್ಯಾರ್ಥಿವೇತನ ಎಲ್ಲವೂ ಆನ್‌ಲೈನ್ ಆಗಿರುವುದರಿಂದ ಕೆಲಸಕ್ಕೆ ಲ್ಯಾಪ್‌ಟಾಪ್ ಕೊಡುವುದಾಗಿ ಆಗಲೇ ಹೇಳಿದ್ದರು. ನಾಲ್ಕು ತಿಂಗಳಾದರೂ ಬಂದಿಲ್ಲ, ಸ್ವಂತದ್ದನ್ನೇ ಬಳಸುತ್ತಿದ್ದೇನೆ. ಇಷ್ಟು ತಡವಾಗುವುದು ಸಹಜವೇ?

ಉತ್ತರ: ಖರೀದಿ ಯಾವ ದಾರಿಯಲ್ಲಿ ನಡೆಯುತ್ತಿದೆ ಎಂಬುದರ ಮೇಲೆ ಇದು ನಿಂತಿದೆ. ದಾಸ್ತಾನಿನಲ್ಲಿ ಯಂತ್ರವಿದ್ದರೆ ವಾರದೊಳಗೆ ಕೊಡಬಹುದು. ಖಾಸಗಿ ಆಡಳಿತ ಮಂಡಳಿಯ ಕಾಲೇಜು ಮೂರು ಅಂಗಡಿಗಳಿಂದ ದರಪಟ್ಟಿ ತರಿಸಿ ಕೊಳ್ಳುವುದಾದರೆ ಒಂದೂವರೆ ತಿಂಗಳು ಸಾಕೆಂಬುದು ನನ್ನ ಅಂದಾಜು. ಸರ್ಕಾರಿ ಕಾಲೇಜಿನ ಮಾತು ಬೇರೆ: ಬೇಡಿಕೆ ಪತ್ರ, ಅನುದಾನದ ಲಭ್ಯತೆ, ಆಡಳಿತಾತ್ಮಕ ಅನುಮೋದನೆ ಇವೆಲ್ಲ ಮುಗಿದ ಮೇಲಷ್ಟೇ ಖರೀದಿ ಆರಂಭವಾಗುತ್ತದೆ. ಮೊತ್ತ ದೊಡ್ಡದಿದ್ದರೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯಂತೆ ಟೆಂಡರ್ ಕರೆಯಬೇಕು. ಬಿಡ್ ಸಲ್ಲಿಸಲು ಕೊಡಬೇಕಾದ ಕನಿಷ್ಠ ಅವಧಿ ನಿಯಮದಲ್ಲೇ ಇದೆ. ಅದನ್ನು ಕಡಿತಗೊಳಿಸಬೇಕಾದರೆ ಮೇಲಧಿಕಾರಿ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು. ಹೀಗಾಗಿ ಅಲ್ಲಿ ನಾಲ್ಕು ತಿಂಗಳು ಹೆಚ್ಚೇನಲ್ಲ, ಖಾಸಗಿ ಕಾಲೇಜಿನಲ್ಲಾದರೆ ಖಂಡಿತ ಹೆಚ್ಚು.

ನಮ್ಮ ಜಿಲ್ಲೆಯಲ್ಲಿ ತಡಕ್ಕೆ ಮಳೆಯನ್ನೂ ಘಟ್ಟದ ರಸ್ತೆಯನ್ನೂ ದೂರುವುದು ರೂಢಿ. ಆದರೆ ಮೈಸೂರಿನಿಂದ ಸರಕು ಬರಲು ಒಂದೆರಡು ದಿನ ಸಾಕು. ಕಾಲವೆಲ್ಲ ಕಳೆಯುವುದು ಸರಬರಾಜು ಆದೇಶ ಹೊರಡುವ ಮುನ್ನವೇ. ಆದ್ದರಿಂದ ಲ್ಯಾಪ್‌ಟಾಪ್ ಯಾವಾಗ ಬರುತ್ತದೆಂದು ಕೇಳಬೇಡಿ, ಕಡತ ಈಗ ಯಾರ ಬಳಿ ಇದೆ ಎಂದು ಕೇಳಿ. ನಿಮ್ಮ ಹೆಸರಿನಲ್ಲಿ ಬೇಡಿಕೆ ಪತ್ರವೇ ಹೋಗಿಲ್ಲದಿರುವ ಸಾಧ್ಯತೆಯೂ ಉಂಟು. ಸೇರುವಾಗ ಬಾಯಿಮಾತಿನಲ್ಲಿ ಹೇಳಿದ್ದು ಕಡತವಾಗುವುದಿಲ್ಲ. ಪ್ರಾಂಶುಪಾಲರಿಗೆ ಅರ್ಧ ಪುಟದ ಮನವಿ ಬರೆದು, ಯಾವ ಕೆಲಸಕ್ಕೆ ಯಂತ್ರ ಬೇಕೆಂಬುದನ್ನು ತಿಳಿಸಿ, ಸ್ವೀಕೃತಿ ಪಡೆಯಿರಿ. ಮಾರ್ಚ್ 31ಕ್ಕೆ ಆರ್ಥಿಕ ವರ್ಷ ಮುಗಿಯುವುದರಿಂದ, ಈ ವರ್ಷದ ಅನುದಾನದಲ್ಲೇ ಖರೀದಿಯಾಗಬೇಕಿದ್ದರೆ ಮನವಿಯನ್ನು ಈ ತಿಂಗಳೇ ಕೊಡುವುದು ಲೇಸು.

ನನಗೆ ಹೆಚ್ಚು ಚಿಂತೆ ತಂದದ್ದು ನಿಮ್ಮ ಸ್ವಂತ ಲ್ಯಾಪ್‌ಟಾಪಿನ ಮಾತು. ವಿದ್ಯಾರ್ಥಿವೇತನದ ಕೆಲಸವೆಂದರೆ ಆಧಾರ್ ಪ್ರತಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆಯ ವಿವರ ಇವೆಲ್ಲ ನಿಮ್ಮ ಮನೆಯ ಯಂತ್ರದಲ್ಲಿ ಉಳಿಯುತ್ತವೆ. ನಾಳೆ ಅದು ಕಳುವಾದರೆ ಉತ್ತರಿಸಬೇಕಾದವರು ಯಾರು? ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲೇ ಬಂದಿರುವಾಗ ಇದನ್ನು ಹಗುರವಾಗಿ ಕಾಣುವಂತಿಲ್ಲ. ಹೊಸದು ಬರುವವರೆಗೆ ಕಂಪ್ಯೂಟರ್ ಪ್ರಯೋಗಾಲಯದ ಒಂದು ಯಂತ್ರವನ್ನು ಕಚೇರಿಗೆ ಕೊಡುವಂತೆ ಅದೇ ಮನವಿಯಲ್ಲಿ ಕೋರಿ. ಅದೂ ಆಗದಿದ್ದರೆ ಸ್ವಂತ ಯಂತ್ರ ಬಳಸಲು ಲಿಖಿತ ಅನುಮತಿಯನ್ನಾದರೂ ಪಡೆದುಕೊಳ್ಳಿ.

ಖರೀದಿ ಸಮಿತಿಯವರು ನಿಮ್ಮ ಅಭಿಪ್ರಾಯ ಕೇಳಿದರೆ, ಕಂಪನಿಯವರೇ ಕಾಲೇಜಿಗೆ ಬಂದು ದುರಸ್ತಿ ಮಾಡಿಕೊಡುವ ವಾರಂಟಿಯನ್ನು ಆದೇಶದಲ್ಲಿ ಸೇರಿಸಲು ಹೇಳಿ. ಇಲ್ಲವಾದರೆ ಕೀಲಿಮಣೆ ಕೆಟ್ಟರೂ ಯಂತ್ರ ಮೈಸೂರಿಗೆ ಹೋಗಿ ಬರಬೇಕಾದೀತು. ಮಳೆಗಾಲದಲ್ಲಿ ಗಂಟೆಗಟ್ಟಲೆ ವಿದ್ಯುತ್ ಇಲ್ಲದಿರುವ ನಮ್ಮಲ್ಲಿ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂಬುದನ್ನೂ ನೋಡಬೇಕು. ಯಂತ್ರ ಬಂದ ದಿನ ಚಾರ್ಜರ್ ಮತ್ತು ಚೀಲವೂ ಸೇರಿದಂತೆ ಎಲ್ಲವೂ ಕ್ರಮಸಂಖ್ಯೆಯೊಡನೆ ದಾಸ್ತಾನು ಪುಸ್ತಕದಲ್ಲಿ ದಾಖಲಾಗಿರುವುದನ್ನು ನೋಡಿಯೇ ಸಹಿ ಹಾಕಿ.