ದಿನಾ ವಾಕಿಂಗ್ ಮಾಡುವವರಿಗೆ ನೀರು ಸಾಕಾ, ಸ್ಪೋರ್ಟ್ಸ್ ಡ್ರಿಂಕ್ ಬೇಕಾ?

ಬೆಳಿಗ್ಗೆ ಮುಕ್ಕಾಲು ಗಂಟೆ ವಾಕಿಂಗ್, ವಾರಕ್ಕೆ ಮೂರು ದಿನ ಜಿಮ್, ಉಳಿದ ಹೊತ್ತು ಎಸಿ ಆಫೀಸು. ದಿನಕ್ಕೆ ಐದು ಲೀಟರ್ ನೀರು ಕುಡಿಯುತ್ತಿದ್ದೀರಿ, ಅದರ ಬದಲು ದಿನಾ ಸ್ಪೋರ್ಟ್ಸ್ ಡ್ರಿಂಕ್ ಕುಡಿದರೆ ಒಳ್ಳೆಯದಾ ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೆ ನನ್ನ ಹಳೇ ಹ್ಯಾಂಡ್‌ಬ್ಯಾಗ್ ನೆನಪಾಯಿತು. ಏಳು ತಿಂಗಳು ಅದರಲ್ಲಿ ಒಂದು ನೀಲಿ ಬಾಟಲಿ ಇದ್ದೇ ಇರುತ್ತಿತ್ತು.

ನಾನು ಮೈಸೂರಿನವಳು. ಸರಸ್ವತೀಪುರಂನಲ್ಲಿ ಮನೆ, ಬ್ಯಾಂಕಿನಲ್ಲಿ ಕೆಲಸ. ಅಮ್ಮನಿಗೆ ಸಕ್ಕರೆ ಕಾಯಿಲೆ. ನನಗೂ ಬರಬಾರದು ಅಂತಲೇ ಮೂವತ್ತೊಂಬತ್ತನೇ ವಯಸ್ಸಿಗೆ ವಾಕಿಂಗ್ ಶುರು ಮಾಡಿದೆ. ವಾರದ ದಿನ ಕುಕ್ಕರಹಳ್ಳಿ ಕೆರೆ, ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು. ಮೊದಲ ಭಾನುವಾರ ನಂದಿ ಹತ್ತಿರ ಬರುವಷ್ಟರಲ್ಲಿ ಕಣ್ಣು ಕತ್ತಲೆ ಕಟ್ಟಿತು. ಜೊತೆಗಿದ್ದ ಗೆಳತಿ, "ಬರೀ ನೀರು ಕುಡಿದ್ರೆ ಹೀಗೇ ಆಗೋದು ಕಣೇ, ಬೆವರಲ್ಲಿ ಉಪ್ಪೆಲ್ಲ ಹೋಗಿರುತ್ತೆ" ಅಂತ ತನ್ನ ಬಾಟಲಿ ಕೊಟ್ಟಳು. ಕುಡಿದೆ. ಐದೇ ನಿಮಿಷದಲ್ಲಿ ಹಾಯೆನಿಸಿತು. ಹಿಂದಿನ ರಾತ್ರಿ ನಾನು ಊಟ ಬಿಟ್ಟಿದ್ದೆ, ಬೆಳಿಗ್ಗೆಯೂ ಏನೂ ತಿಂದಿರಲಿಲ್ಲ. ಒಂದು ಬಾಳೆಹಣ್ಣು ತಿಂದಿದ್ದರೂ ಅಷ್ಟೇ ಹಾಯೆನಿಸುತ್ತಿತ್ತು. ಆಗ ಅದು ಹೊಳೆಯಲಿಲ್ಲ.

ಮಾರನೇ ದಿನವೇ ಅಂಗಡಿಗೆ ಹೋದೆ. ನನ್ನನ್ನು ಕೆಡಿಸಿದ ತಪ್ಪು ಆಗಿದ್ದು ಅಲ್ಲೇ, ಅದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಕಣ್ಣು ಮುಚ್ಚಿಕೊಂಡು ಕೊಂಡವಳಲ್ಲ ನಾನು. ಬಾಟಲಿ ತಿರುಗಿಸಿ ಹಿಂದಿನ ಪಟ್ಟಿ ಓದಿದೆ. ಸಕ್ಕರೆ 6 ಗ್ರಾಂ ಅಂತಿತ್ತು. ಒಂದು ಚಮಚ ಸಕ್ಕರೆ ಸುಮಾರು 4 ಗ್ರಾಂ ಅಂತ ಗೊತ್ತಿತ್ತು. ಒಂದೂವರೆ ಚಮಚ, ಪರವಾಗಿಲ್ಲ ಅಂದುಕೊಂಡೆ. ಸಾಲದ್ದಕ್ಕೆ ಪಕ್ಕದಲ್ಲಿದ್ದ ಬಿಸ್ಕೆಟ್ ಪ್ಯಾಕೆಟ್ಟನ್ನೂ ತೆಗೆದು ನೋಡಿದೆ. ಅದರಲ್ಲಿ 24 ಗ್ರಾಂ. ಬಿಸ್ಕೆಟ್ ವಾಪಸ್ ಇಟ್ಟು ಎರಡು ಬಾಟಲಿ ತಂದೆ.

ಎರಡೂ ಅಂಕಿಯ ತಲೆಯ ಮೇಲೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಬಿಸ್ಕೆಟ್ಟಿನದು 100 ಗ್ರಾಂಗೆ, ಡ್ರಿಂಕಿನದು 100 ಮಿ.ಲೀ.ಗೆ. ಬಿಸ್ಕೆಟ್ ಯಾರೂ ಒಂದೇ ಸಲ ನೂರು ಗ್ರಾಂ ತಿನ್ನುವುದಿಲ್ಲ. ನಾಲ್ಕು ತಿಂದರೆ ಇಪ್ಪತ್ತೈದು ಗ್ರಾಂ, ಸಕ್ಕರೆ ಆರು ಗ್ರಾಂ. ಬಾಟಲಿಯಲ್ಲಿ ಇದ್ದದ್ದು 500 ಮಿ.ಲೀ. ಮುಚ್ಚಳ ತೆಗೆದರೆ ಮುಗಿಯುವ ತನಕ ಕುಡಿಯುತ್ತೇವೆ. ಅಂದರೆ ಆರನ್ನು ಐದರಿಂದ ಗುಣಿಸಬೇಕಿತ್ತು. 30 ಗ್ರಾಂ. ಏಳೂವರೆ ಚಮಚ. ದಿನವಿಡೀ ಲೆಕ್ಕ ಹಾಕುವ ಕೆಲಸ ನನ್ನದು, ಈ ಒಂದು ಗುಣಾಕಾರ ಮಾಡಲಿಲ್ಲ.

ದಿನಕ್ಕೆ ಎರಡು ಬಾಟಲಿ. ಒಂದು ಕೆರೆ ಸುತ್ತಿ ಬಂದ ಮೇಲೆ, ಇನ್ನೊಂದು ಬ್ಯಾಂಕಿನ ಮೇಜಿನ ಮೇಲೆ, ಎಸಿ ಗಾಳಿಯಲ್ಲಿ, ಒಂದು ಹನಿ ಬೆವರದೆ. ಅದೇ ಹೊತ್ತಿನಲ್ಲಿ ಕಾಫಿಗೆ ಸಕ್ಕರೆ ಬಿಟ್ಟಿದ್ದೆ. ಹಬ್ಬದ ದಿನ ಒಬ್ಬಟ್ಟು ಅರ್ಧ ಮುರಿದು ಮಗನಿಗೆ ಕೊಡುತ್ತಿದ್ದೆ.

ಏಳನೇ ತಿಂಗಳು ಹೆಲ್ತ್ ಚೆಕಪ್ ಆಯಿತು. ತೂಕ ಮೂರು ಕೆಜಿ ಜಾಸ್ತಿ. ಖಾಲಿ ಹೊಟ್ಟೆಯ ಶುಗರ್ 112, ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 6.1. ಡಯಾಬಿಟಿಸ್ ಅಲ್ಲ, ಆದರೆ ಅದರ ಹೊಸ್ತಿಲು. ಡಾಕ್ಟರು ವಯಸ್ಸಾದವರು. ಊಟ, ತಿಂಡಿ ಎಲ್ಲ ಕೇಳಿದರು. ಹೇಳಿದೆ. "ಕುಡಿಯೋದು ಏನಮ್ಮಾ?" ಅಂದರು. ಬ್ಯಾಗಿನಿಂದ ಬಾಟಲಿ ತೆಗೆದು ತೋರಿಸಿದೆ. ಅವರು ಕನ್ನಡಕ ಹಣೆಗೆ ಏರಿಸಿ, ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಆ ಸಣ್ಣ ಸಾಲಿನ ಕೆಳಗೆ ಉಗುರಿನಿಂದ ಒಂದು ಗೆರೆ ಎಳೆದರು. "ಇದನ್ನ ಓದಿ" ಅಂದರು. ಓದಿದೆ. ಆಮೇಲೆ ಅವರು ಏನು ಹೇಳಿದರೋ ನೆನಪಿಲ್ಲ.

ಮನೆಗೆ ಬಂದು ಸ್ಟೀಲ್ ಚೊಂಬಿಗೆ ಅರ್ಧ ಲೀಟರ್ ನೀರು ಹಾಕಿ, ಏಳೂವರೆ ಚಮಚ ಸಕ್ಕರೆ ಅಳೆದು ಸುರಿದೆ. ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಇಷ್ಟೊಂದು ಸಕ್ಕರೆ ಯಾವ ದೇವರ ಪಾನಕಕ್ಕೆ?" ಅಂತ ಕೇಳಿದರು. ಉತ್ತರ ಕೊಡಲಾಗಲಿಲ್ಲ, ಅಳು ಬಂತು. ನಾಲ್ಕು ಜನರ ನಮ್ಮ ಮನೆಗೆ ತಿಂಗಳಿಗೆ ಎರಡು ಕೆಜಿ ಸಕ್ಕರೆ ತರುತ್ತೇವೆ. ನಾನೊಬ್ಬಳೇ ಬಾಟಲಿಯಲ್ಲಿ ತಿಂಗಳಿಗೆ ಹತ್ತಿರ ಹತ್ತಿರ ಅಷ್ಟೇ ಕುಡಿದಿದ್ದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ ಸುಮಾರು 50 ಗ್ರಾಂ ಮೇಲೆ ಸೇರಿಸಿದ ಸಕ್ಕರೆ ಬೇಡ, 25ರ ಒಳಗಿದ್ದರೆ ಇನ್ನೂ ಒಳ್ಳೆಯದು ಅನ್ನುತ್ತದೆ. ನನ್ನ ಎರಡು ಬಾಟಲಿಯೇ 60. ಮುಕ್ಕಾಲು ಗಂಟೆ ನಡೆದು ನಾನು ಕರಗಿಸುತ್ತಿದ್ದದ್ದು ಹೆಚ್ಚೆಂದರೆ 180 ಕ್ಯಾಲರಿ, ಬಾಟಲಿಗಳಿಂದ ಒಳಗೆ ಹೋಗುತ್ತಿದ್ದದ್ದು 240.

ಅದಕ್ಕೇ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನೀರು ಮತ್ತು ಸ್ಪೋರ್ಟ್ಸ್ ಡ್ರಿಂಕ್ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ವಸ್ತುಗಳಲ್ಲ. ನೀರು ಬಾಯಾರಿಕೆಗೆ. ಸ್ಪೋರ್ಟ್ಸ್ ಡ್ರಿಂಕ್ ಊಟದ ಲೆಕ್ಕಕ್ಕೆ ಸೇರಿದ್ದು, ಗಂಟೆಗಟ್ಟಲೆ ಮೈ ದಂಡಿಸುವಾಗ ಕೂತು ಉಣ್ಣಲು ಆಗದವರ ಊಟ. ಅದು ಹುಟ್ಟಿದ್ದೇ ಹಾಗೆ. 1965ರಲ್ಲಿ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಕೇಡ್ ಅನ್ನುವ ಡಾಕ್ಟರು ಮತ್ತು ಅವರ ಜೊತೆಯವರು ತಮ್ಮ ಫುಟ್‌ಬಾಲ್ ತಂಡಕ್ಕಾಗಿ ಮಾಡಿದ್ದು. ಆ ಸೆಕೆಯಲ್ಲಿ ಮೈಮೇಲೆ ಕವಚ ಹೊತ್ತು ಆಡುವ ಹುಡುಗರು ಅವರು. ತಂಡದ ಹೆಸರು ಗೇಟರ್ಸ್, ಅದಕ್ಕೇ ಆ ಡ್ರಿಂಕಿಗೆ ಗೇಟರೇಡ್ ಅಂತ ಹೆಸರು.

ಅಂಥ ಬೆವರು ಸುರಿಸುವವರು ನಮ್ಮಲ್ಲೂ ಇದ್ದಾರೆ. ನನ್ನ ತಮ್ಮ ಮಂಡ್ಯದಲ್ಲಿದ್ದಾನೆ, ಭಾನುವಾರ ಸೈಕಲ್ಲಿನಲ್ಲಿ ಮೇಲುಕೋಟೆ ಹತ್ತಿ ವಾಪಸ್ ಬರುತ್ತಾನೆ. ನಾಲ್ಕು ಗಂಟೆ ಬಿಸಿಲು. ಅವನು ಬರೀ ನೀರು ಕುಡಿದರೆ ಸಾಲದು, ಒಪ್ಪುತ್ತೇನೆ. ಒಂದು ಲೀಟರ್ ನೀರಿಗೆ ಐವತ್ತು ಗ್ರಾಂ ಬೆಲ್ಲ, ಕಾಲು ಚಮಚ ಉಪ್ಪು, ಒಂದು ನಿಂಬೆಹಣ್ಣು ಹಿಂಡಿ ಒಯ್ಯುತ್ತಾನೆ. ಅಂಗಡಿಯ ಬಾಟಲಿಯಲ್ಲಿ ಇರುವುದೂ ಹೆಚ್ಚುಕಮ್ಮಿ ಇದೇ. ಬೆಲ್ಲ ಅಂದ ಮಾತ್ರಕ್ಕೆ ಸಕ್ಕರೆ ಅಲ್ಲ ಅಂದುಕೊಳ್ಳಬೇಡಿ, ಅವನಿಗೆ ಅದು ಸರಿ, ನಿಮಗೆ ಬೇಡ.

ನಿಮ್ಮ ಬೆವರು ಎಷ್ಟು ಅಂತ ನೀವೇ ಅಳೆಯಬಹುದು. ವಾಕಿಂಗ್ ಮೊದಲು ತೂಕ ನೋಡಿ, ಬಂದು ಬೆವರು ಒರೆಸಿಕೊಂಡು ಮತ್ತೆ ನೋಡಿ. ಒಂದು ಕೆಜಿ ಇಳಿದಿದ್ದರೆ ಸುಮಾರು ಒಂದು ಲೀಟರ್ ನೀರು ಹೋಗಿದೆ ಅಂತ. ಏಪ್ರಿಲ್ ತಿಂಗಳಲ್ಲಿ ಕೆರೆ ಸುತ್ತಿ ಬಂದಾಗ ನನ್ನದು ಇಳಿದದ್ದು 300 ಗ್ರಾಂ. ಒಂದೂವರೆ ಲೋಟ ನೀರು. ಅದರ ಉಪ್ಪನ್ನು ತಿಂಡಿಯ ಉಪ್ಪಿಟ್ಟು, ಮಧ್ಯಾಹ್ನದ ಸಾರು ಭರ್ತಿ ಮಾಡುತ್ತವೆ. ಬಿರುಬಿಸಿಲಿದ್ದರೆ ನೀರು ಮಜ್ಜಿಗೆಗೆ ಚಿಟಿಕೆ ಉಪ್ಪು. ಎಳನೀರೂ ಒಳ್ಳೆಯದೇ, ನಾನೂ ವಾರಕ್ಕೊಂದು ಕುಡಿಯುತ್ತೇನೆ. ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಬೆವರಲ್ಲಿ ಹೋಗುವ ಸೋಡಿಯಂ, ಅಂದರೆ ಉಪ್ಪಿನ ಅಂಶ, ಎಳನೀರಿನಲ್ಲಿ ಕಮ್ಮಿ. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಕುಡಿಯಬೇಕು.

ಐದು ಲೀಟರ್ ನೀರಿನ ಹಟವನ್ನೂ ಬಿಡಿ. ಬಾಯಾರಿದಾಗ ಕುಡಿಯಿರಿ, ಮೂತ್ರ ತಿಳಿ ಹಳದಿ ಇದ್ದರೆ ಸಾಕು. ನೀರು ಅತಿಯಾದರೆ ರಕ್ತದ ಸೋಡಿಯಂ ಇಳಿಯುತ್ತದೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಓಟ ಮುಗಿಸಿದ 488 ಜನರ ರಕ್ತ ನೋಡಿದಾಗ ನೂರಕ್ಕೆ 13 ಜನರಲ್ಲಿ ಸೋಡಿಯಂ ಕಮ್ಮಿಯಾಗಿತ್ತು. ಅಂಥವರಲ್ಲಿ ಓಡುತ್ತಾ ನೀರು ಕುಡಿದು ಕುಡಿದು ತೂಕ ಏರಿಸಿಕೊಂಡವರೇ ಜಾಸ್ತಿ.

ಓಆರ್‌ಎಸ್ ಬಗ್ಗೆಯೂ ಹೇಳಿಬಿಡುತ್ತೇನೆ, ಜನ ಅದನ್ನೂ ಇದನ್ನೂ ಒಂದೇ ಅಂದುಕೊಳ್ಳುತ್ತಾರೆ. ಒಂದು ಲೀಟರ್ ಓಆರ್‌ಎಸ್‌ನಲ್ಲಿ ಗ್ಲೂಕೋಸ್ 13.5 ಗ್ರಾಂ ಮಾತ್ರ, ಉಪ್ಪು 2.6 ಗ್ರಾಂ. ವಾಂತಿ ಭೇದಿಗೆ ಅದು ಔಷಧಿ. ಜಿಮ್ಮಿಗೆ ಒಯ್ಯುವ ಡ್ರಿಂಕ್ ಅಲ್ಲ. ಸಿಹಿ ಪಾನೀಯಗಳು ಆ ಹೆಸರು ಹಾಕಿಕೊಂಡು ಮಾರಾಟವಾಗುತ್ತಿದ್ದವು, 2025ರ ಅಕ್ಟೋಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಅದನ್ನು ನಿಲ್ಲಿಸಲು ಆದೇಶ ಹೊರಡಿಸಿತು. ಮಗುವಿಗೆ ಭೇದಿ ಆದಾಗ ಕೈಗೆ ಸಿಕ್ಕ ಸಿಹಿ ಡಬ್ಬಿ ಕೊಡಬೇಡಿ.

ನಾನು ಬಾಟಲಿ ಬಿಟ್ಟು ಆರು ತಿಂಗಳಿಗೆ ಎಚ್‌ಬಿಎ1ಸಿ 5.6ಕ್ಕೆ ಬಂತು. ವಾಕಿಂಗ್ ಅಷ್ಟೇ, ಊಟ ಅಷ್ಟೇ, ಬೇರೆ ಏನೂ ಬದಲಾಯಿಸಿರಲಿಲ್ಲ. ಈಗ ಭಾನುವಾರ ಒಂದು ಬಾಳೆಹಣ್ಣು ತಿಂದು ಬೆಟ್ಟ ಹತ್ತುತ್ತೇನೆ, ಕೈಯಲ್ಲಿ ಸ್ಟೀಲ್ ಬಾಟಲಿ ನೀರು. ನಂದಿ ದಾಟಿ ಮೇಲಿನ ತನಕ ನಿಲ್ಲದೆ ಹೋಗುತ್ತೇನೆ.

ನಿಮ್ಮ ಫ್ರಿಜ್ಜಿನಲ್ಲಿ ಈಗಲೂ ಒಂದು ಬಾಟಲಿ ಇರುತ್ತೆ, ಅಲ್ವಾ? ಎದ್ದು ಹೋಗಿ ತಿರುಗಿಸಿ ನೋಡಿ. ಸಕ್ಕರೆಯ ಅಂಕಿ, ಅದರ ತಲೆಯ ಮೇಲಿನ ಸಣ್ಣ ಸಾಲು, ಬಾಟಲಿಯ ಅಳತೆ, ಮೂರನ್ನೂ ಕೆಳಗೆ ಬರೆಯಿರಿ. ಗುಣಾಕಾರ ನಾನು ಮಾಡಿಕೊಡುತ್ತೇನೆ.