ಅಡೋಬೊದ ಆಚೆಗೆ: ಫಿಲಿಪ್ಪೀನ್ಸಿನ ಪ್ರಾಂತ್ಯಗಳ ಅಡುಗೆ

ಪ್ರಶ್ನೆ: ಬೆಂಗಳೂರಿನ ಇಂದಿರಾನಗರದಲ್ಲಿ ನಮ್ಮ ಮನೆಗೆ ಹತ್ತಿರವಿರುವ ರೆಸ್ಟೋರೆಂಟೊಂದು ಈಚೆಗೆ ಫಿಲಿಪ್ಪೀನ್ಸಿನ ಬೇರೆ ಬೇರೆ ಪ್ರಾಂತ್ಯಗಳ ಅಡುಗೆಯನ್ನು ಬಡಿಸತೊಡಗಿದೆ. ಮೊದಲ ಸಲ ಹೋದಾಗ ಹೆಸರು ಕೇಳಿದ್ದ ಅಡೋಬೊವನ್ನಷ್ಟೇ, ಅಂದರೆ ವಿನೆಗರ್, ಬೆಳ್ಳುಳ್ಳಿಯಲ್ಲಿ ಬೇಯಿಸಿದ ಮಾಂಸವನ್ನಷ್ಟೇ ತರಿಸಿಕೊಂಡೆವು. ಮೆನುವಿನಲ್ಲಿ ಲೈಂಗ್, ಬಿಕೋಲ್ ಎಕ್ಸ್‌ಪ್ರೆಸ್, ಇನಸಾಲ್, ಪಿನಕ್‌ಬೆಟ್, ಪಿಯಪರನ್ ಎಂಬ ಹೆಸರುಗಳಿದ್ದವು. ನನ್ನ ಯಜಮಾನರು ಹಂದಿಮಾಂಸ ತಿನ್ನುವುದಿಲ್ಲ. ಮುಂದಿನ ಸಲ ಯಾವುದರಿಂದ ಆರಂಭಿಸಬೇಕು?

ಉತ್ತರ: ಬಿಕೋಲ್ ಪ್ರಾಂತ್ಯದಿಂದ ಆರಂಭಿಸಿ ಎಂದು ಹಿಂಜರಿಕೆಯಿಲ್ಲದೆ ಹೇಳುತ್ತೇನೆ. ಲುಜಾನ್ ದ್ವೀಪದ ಆಗ್ನೇಯ ತುದಿಯಲ್ಲಿ, ಮಯೋನ್ ಜ್ವಾಲಾಮುಖಿಯಿರುವ ಈ ಸೀಮೆಯವರು ತೆಂಗಿನ ಹಾಲನ್ನೂ ಮೆಣಸಿನಕಾಯಿಯನ್ನೂ ಧಾರಾಳವಾಗಿ ಬಳಸುತ್ತಾರೆ. ಫಿಲಿಪ್ಪೀನ್ಸಿನ ಉಳಿದ ಕಡೆ ಖಾರ ಸಾಮಾನ್ಯವಾಗಿ ಕಡಿಮೆ. ಆದ್ದರಿಂದ ನಮ್ಮ ನಾಲಿಗೆಗೆ ಇಲ್ಲಿನ ಅಡುಗೆಯೇ ಬೇಗ ಹತ್ತಿರವಾಗುತ್ತದೆ. ಬಿಕೋಲ್ ಎಕ್ಸ್‌ಪ್ರೆಸ್‌ನಲ್ಲಿ ಹಂದಿಮಾಂಸ ಇದ್ದೇ ಇರುತ್ತದೆ. ಅದನ್ನು ಬಿಟ್ಟು ಲೈಂಗ್ ತರಿಸಿಕೊಳ್ಳಿ, ಆದರೆ ಅದಕ್ಕೂ ಹಂದಿಯ ತುಂಡು ಹಾಕುವ ರೂಢಿ ಇರುವುದರಿಂದ ಮೊದಲೇ ವಿಚಾರಿಸಿಕೊಳ್ಳಿ. ಒಣಗಿಸಿದ ಕೆಸುವಿನ ಎಲೆಯನ್ನು ಶುಂಠಿ, ಬೆಳ್ಳುಳ್ಳಿ, ಮೆಣಸಿನಕಾಯಿ ಹಾಗೂ ತೆಂಗಿನ ಹಾಲಿನೊಡನೆ ಸಣ್ಣ ಉರಿಯಲ್ಲಿಟ್ಟು, ಹಾಲು ಇಂಗಿ ಅಂಚಿನಲ್ಲಿ ಎಣ್ಣೆ ಬಿಡುವವರೆಗೂ ಬೇಯಿಸುವ ಪದಾರ್ಥ ಅದು. ಪತ್ರೊಡೆ ಮಾಡುವವರಿಗೆ ಕೆಸುವಿನ ತುರಿಕೆಯ ಭಯ ಗೊತ್ತು. ನಮ್ಮಲ್ಲಿ ಹುಣಸೆಹಣ್ಣಿನಿಂದ ಅದನ್ನು ಮುರಿದರೆ, ಬಿಕೋಲಿನವರು ಎಲೆಯನ್ನು ಒಣಗಿಸುತ್ತಾರೆ, ಎಲೆ ಹಾಲಿನಲ್ಲಿ ಮೆತ್ತಗಾಗುವ ತನಕ ಸೌಟನ್ನೂ ಆಡಿಸುವುದಿಲ್ಲ. ಚೆನ್ನಾಗಿ ಬೆಂದ ಲೈಂಗ್ ಕಡುಹಸಿರಾಗಿ, ಮುದ್ದೆಯಾಗಿ, ಬೆಣ್ಣೆಯಷ್ಟು ನುಣ್ಣಗಿರುತ್ತದೆ. ತಟ್ಟೆಯಲ್ಲಿ ನೀರಾಗಿ ಹರಿಯುತ್ತಿದ್ದರೆ ಅಡುಗೆಯವರು ಅವಸರ ಮಾಡಿದ್ದಾರೆಂದೇ ತಿಳಿಯಬೇಕು.

ಯಜಮಾನರಿಗೆ ಇನಸಾಲ್ ಮತ್ತು ಪಿಯಪರನ್ ಎರಡೂ ಹೊಂದುತ್ತವೆ. ಇನಸಾಲ್ ನೀಗ್ರೋಸ್ ದ್ವೀಪದ ಬಕೋಲೋದ್ ನಗರದ ಹೆಮ್ಮೆ: ಕೋಳಿಯನ್ನು ವಿನೆಗರ್, ಕಲಮಾನ್ಸಿ ಎಂಬ ಪುಟ್ಟ ನಿಂಬೆಯ ರಸ ಮತ್ತು ಮಜ್ಜಿಗೆ ಹುಲ್ಲಿನಲ್ಲಿ ನೆನೆಸಿ, ಕೆಂಡದ ಮೇಲೆ ಸುಡುತ್ತಾ ರಂಗುಮಾಲೆ ಬೀಜದ ಕೆಂಪು ಎಣ್ಣೆಯನ್ನು ಸವರುತ್ತಾರೆ. ಅದೇ ಎಣ್ಣೆಯನ್ನು ಬಿಸಿ ಅನ್ನದ ಮೇಲೂ ಸುರಿದುಕೊಳ್ಳಬೇಕು. ಕೊಡದಿದ್ದರೆ ಕೇಳಿ ಪಡೆಯಿರಿ. ಪಿಯಪರನ್ ದಕ್ಷಿಣದ ಮಿಂಡನಾವೊ ದ್ವೀಪದ ಮರನಾವೊ ಜನರದು. ಅವರು ಮುಸ್ಲಿಮರಾದ್ದರಿಂದ ಅವರ ಅಡುಗೆಯಲ್ಲಿ ಹಂದಿಮಾಂಸಕ್ಕೆ ಜಾಗವಿಲ್ಲ. ಕೋಳಿ, ತೆಂಗಿನತುರಿ, ಅರಿಸಿನ, ಜೊತೆಗೆ ಈರುಳ್ಳಿ ಜಾತಿಯ ಒಂದು ಗಿಡದ ಬುಡವನ್ನು ಶುಂಠಿ ಮತ್ತು ಮೆಣಸಿನಕಾಯಿಯೊಡನೆ ಜಜ್ಜಿ ಮಾಡಿದ ಪಲಪ ಎಂಬ ಖಾರ ಸೇರಿದರೆ ಪಿಯಪರನ್ ಆಗುತ್ತದೆ. ನನ್ನ ದೃಷ್ಟಿಯಲ್ಲಿ ನೀವು ಹೇಳಿದ ಮೆನುವಿನಲ್ಲಿ ಎಲ್ಲಕ್ಕಿಂತ ಅಪರೂಪದ್ದು ಇದೇ, ತಪ್ಪಿಸಿಕೊಳ್ಳಬೇಡಿ.

ಅಡೋಬೊವನ್ನೂ ಮುಗಿದ ಅಧ್ಯಾಯವೆಂದು ಬಿಡಬೇಡಿ. ನೀವು ತಿಂದದ್ದು ಬಹುಶಃ ಸೋಯಾ ಸಾಸ್ ಹಾಕಿದ್ದು. ಬಟಾಂಗಸ್ ಕಡೆ ಅರಿಸಿನ ಹಾಕಿದ ಹಳದಿ ಅಡೋಬೊ ಇದೆ, ಬಿಕೋಲಿನಲ್ಲಿ ತೆಂಗಿನ ಹಾಲಿನದಿದೆ. ಒಂದೊಂದಾಗಿ ತರಿಸದೆ ಎಲ್ಲವನ್ನೂ ಅನ್ನದೊಡನೆ ಒಟ್ಟಿಗೇ ಮೇಜಿಗೆ ತರಿಸಿಕೊಳ್ಳಿ. ಪಕ್ಕದ ಪುಟ್ಟ ಬಟ್ಟಲುಗಳಲ್ಲಿ ಬರುವ ವಿನೆಗರ್, ಮೆಣಸಿನಕಾಯಿ, ನಿಂಬೆಗಳನ್ನು ಬೆರೆಸಿ ಉಪ್ಪು ಹುಳಿಯನ್ನು ಉಣ್ಣುವವರೇ ಹದ ಮಾಡಿಕೊಳ್ಳುವುದು ಅಲ್ಲಿನ ಪದ್ಧತಿ.

ಪ್ರಶ್ನೆ: ನಮ್ಮ ಅತ್ತೆಯವರು ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿ. ಪಿನಕ್‌ಬೆಟ್‌ನಲ್ಲಿ ಬರೀ ತರಕಾರಿ ಕಾಣುತ್ತದೆ, ಅವರಿಗೆ ಕೊಡಬಹುದೇ?

ಉತ್ತರ: ಕೊಡಬೇಡಿ. ಉತ್ತರ ಲುಜಾನಿನ ಇಲೋಕೋಸ್ ಸೀಮೆಯ ಪಿನಕ್‌ಬೆಟ್‌ನಲ್ಲಿ ಹಾಗಲಕಾಯಿ, ಬದನೆ, ಬೆಂಡೆ, ಟೊಮೆಟೊಗಳೇ ಎದ್ದು ಕಂಡರೂ ಅದರ ಉಪ್ಪು ಬರುವುದು ಬಗೋಂಗ್‌ನಿಂದ, ಅಂದರೆ ಉಪ್ಪು ಹಾಕಿ ಹುದುಗಿಸಿದ ಮೀನು ಅಥವಾ ಸೀಗಡಿಯಿಂದ. ಇದು ಕಣ್ಣಿಗೆ ಕಾಣದ ಪದಾರ್ಥವಾದ್ದರಿಂದ ‘ಮಾಂಸ ಇದೆಯೇ’ ಎಂದು ಕೇಳಿದರೆ ಬಡಿಸುವವರು ಇಲ್ಲ ಎಂದುಬಿಡಬಹುದು. ಬಗೋಂಗ್, ಪಾಟಿಸ್ ಎಂಬ ಮೀನಿನ ಸಾಸ್, ಮೊಟ್ಟೆ, ಇವುಗಳನ್ನು ಹೆಸರು ಹಿಡಿದೇ ಕೇಳಿ. ಸೀಗಡಿಯ ಅಲರ್ಜಿ ಇರುವವರಿಗೂ ಇದೇ ಮಾತು.

ಹಿಂದಿನ ದಿನವೇ ಫೋನ್ ಮಾಡಿ ತಿಳಿಸಿದರೆ ಲೈಂಗ್ ಅನ್ನು ಬರೀ ತೆಂಗಿನ ಹಾಲು ಮತ್ತು ಉಪ್ಪಿನಲ್ಲಿ ಮಾಡಿಕೊಡಲು ಅಡುಗೆಯವರಿಗೆ ಸಾಧ್ಯವಾಗಬಹುದು. ಎಳೆಯ ಹಲಸಿನಕಾಯಿಯನ್ನು ತೆಂಗಿನ ಹಾಲಿನಲ್ಲಿ ಬೇಯಿಸುವ ಪದಾರ್ಥವನ್ನೂ ಹಾಗೆಯೇ ಮಾಡಿಸಬಹುದು. ಪಿನಕ್‌ಬೆಟ್ ಮಾತ್ರ ಬಗೋಂಗ್ ಇಲ್ಲದೆ ಸಪ್ಪೆಯ ಪಲ್ಯವಾಗುತ್ತದೆ, ಅದನ್ನು ಹಾಗೆ ಮಾಡಿಸುವುದರಲ್ಲಿ ಅರ್ಥವಿಲ್ಲ. ಸಿಹಿಯಲ್ಲಿ ಬಿಬಿಂಕ ಎಂಬ ಅಕ್ಕಿಹಿಟ್ಟಿನ ಕೇಕಿಗೆ ಮೊಟ್ಟೆ ಹಾಕುತ್ತಾರೆ. ಅಂಟಕ್ಕಿ, ತೆಂಗಿನ ಹಾಲು, ಕಂದು ಸಕ್ಕರೆಯ ಬೀಕೊ ಮತ್ತು ಅಂಟಕ್ಕಿ ಹಿಟ್ಟನ್ನು ತಟ್ಟಿ ನೀರಿನಲ್ಲಿ ಬೇಯಿಸಿ ಕಾಯಿತುರಿ, ಎಳ್ಳು, ಸಕ್ಕರೆಯಲ್ಲಿ ಹೊರಳಿಸುವ ಪಲಿತಾವ್ ಎರಡಕ್ಕೂ ಮೊಟ್ಟೆ ಬೇಕಿಲ್ಲ.

ಪ್ರಶ್ನೆ: ಅಲ್ಲಿ ಕುಡಿದ ಸಿನಿಗಂಗ್ ಎಂಬ ಹುಳಿಸಾರು ಬಹಳ ಹಿಡಿಸಿತು. ಮನೆಯಲ್ಲಿ ಮಾಡಲು ಸಾಮಗ್ರಿ ಬೆಂಗಳೂರಿನಲ್ಲಿ ಸಿಗುತ್ತದೆಯೇ?

ಉತ್ತರ: ನಿಮ್ಮ ಬೀದಿಯ ತರಕಾರಿ ಅಂಗಡಿಯೇ ಸಾಕು. ಅಕ್ಕಿ ತೊಳೆದ ಎರಡನೆಯ ನೀರನ್ನು ಚೆಲ್ಲದೆ ಇಟ್ಟುಕೊಂಡು, ಅದರಲ್ಲಿ ಈರುಳ್ಳಿ, ಟೊಮೆಟೊ, ಮೂಲಂಗಿ ಬೇಯಿಸಿ. ಹುಣಸೆ ರಸವನ್ನು ನಮ್ಮ ಸಾರಿಗೆ ಹಾಕುವುದಕ್ಕಿಂತ ಹೆಚ್ಚಾಗಿಯೇ ಹಾಕಿ. ಅಲಸಂದೆ ಕಾಯಿ, ಬದನೆ, ಸೀಳಿದ ಹಸಿಮೆಣಸಿನಕಾಯಿ ಸೇರಿಸಿ, ಕೊನೆಗೆ ಮೀನು ಅಥವಾ ಸೀಗಡಿ ಹಾಕಿ ಅದು ಬೇಯುವಷ್ಟು ಹೊತ್ತು ಮಾತ್ರ ಕುದಿಸಿ, ಒಂದು ಹಿಡಿ ಸೊಪ್ಪು ಹಾಕಿ ಇಳಿಸಿ. ಹುಣಸೆಯ ಬದಲು ಮಾವಿನಕಾಯಿಯನ್ನೋ ಕರಾವಳಿಯ ಬಿಂಬುಳಿಯನ್ನೋ ಬಳಸಬಹುದು, ಅಲ್ಲಿಯೂ ಹಾಗೆ ಮಾಡುವವರಿದ್ದಾರೆ. ಸಾರಿನ ಪುಡಿ, ಒಗ್ಗರಣೆ, ಇಂಗು ಯಾವುದೂ ಬೇಡ. ಪಾಟಿಸ್ ಸಿಗದಿದ್ದರೆ ಉಪ್ಪೇ ಸಾಕು.