ಓದುಗರ ಪ್ರಶ್ನೆ: ಪಕ್ಷದವರು ಬರೆದ ಪತ್ರಕ್ಕೆ ನನ್ನ ಹೆಸರು ಹಾಕಬಹುದಾ?

ಪ್ರಶ್ನೆ: ನಾನು ಒಂದು ಪಕ್ಷದ ಬೂತ್ ಕಾರ್ಯಕರ್ತ. ನಮ್ಮ ಸರ್ಕಾರದ ಆರ್ಥಿಕ ಸಾಧನೆ ಬಗ್ಗೆ ಜಿಲ್ಲಾ ಪತ್ರಿಕೆಗಳ ವಾಚಕರ ವಾಣಿಗೆ ಬರೆಯಿರಿ ಎಂದು ವಾಟ್ಸಾಪ್ ಗ್ರೂಪಿನಲ್ಲಿ ಹೇಳಿದ್ದಾರೆ. ಪತ್ರವೂ ಅವರದ್ದೇ, ನಾವು ಊರು, ಹೆಸರು ಹಾಕಿ ಕಳಿಸಿದರೆ ಸಾಕಂತೆ. ಇದು ತಪ್ಪಾ?
– ಒಬ್ಬ ಓದುಗ, ತಿಪಟೂರು

ಉತ್ತರ: ಬರೆಯೋದು ತಪ್ಪಲ್ಲ ಸ್ವಾಮಿ. ನಿಮ್ಮ ಪಕ್ಷ ಒಳ್ಳೆ ಕೆಲಸ ಮಾಡಿದೆ ಅಂತ ನಿಮಗೆ ಅನಿಸಿದರೆ ಧಾರಾಳವಾಗಿ ಹೇಳಿ. ಆದರೆ ಆ ರೆಡಿಮೇಡ್ ಪತ್ರ ಬೇಡ. ನಾನು ಹಿಂದೆ ಒಂದು ಸಣ್ಣ ಪತ್ರಿಕೆಯಲ್ಲಿ ವಾಚಕರ ಪತ್ರಗಳನ್ನು ನೋಡಿಕೊಳ್ಳುತ್ತಿದ್ದೆ. ಒಂದೇ ವಾರದಲ್ಲಿ ಹತ್ತಾರು ಊರುಗಳಿಂದ ಒಂದೇ ಪತ್ರ ಬರುತ್ತಿತ್ತು, ಒಬ್ಬ ಪುಣ್ಯಾತ್ಮನಂತೂ ‘ನಮ್ಮ ________ ಗ್ರಾಮದಲ್ಲಿ’ ಅಂತ ಖಾಲಿ ಗೆರೆಯನ್ನು ಹಾಗೇ ಬಿಟ್ಟು ಕಳಿಸಿದ್ದ! ಎಲ್ಲವೂ ಕಸದ ಬುಟ್ಟಿಗೆ.

ಇದು ನಮ್ಮಲ್ಲಿ ಮಾತ್ರ ನಡೆಯೋದಲ್ಲ. 2003ರ ಜನವರಿಯಲ್ಲಿ ಅಮೆರಿಕದ ಎಷ್ಟೋ ಊರುಗಳ ಪತ್ರಿಕೆಗಳಲ್ಲಿ, ಆರ್ಥಿಕತೆಯ ವಿಷಯದಲ್ಲಿ ಅಧ್ಯಕ್ಷ ಬುಷ್ ನಿಜವಾದ ನಾಯಕತ್ವ ತೋರುತ್ತಿದ್ದಾರೆ ಅನ್ನೋ ಪತ್ರ ಬಂತು. ಸಹಿ ಬೇರೆ ಬೇರೆ, ಒಳಗಿನ ಮಾತು ಅಕ್ಷರಕ್ಕೆ ಅಕ್ಷರ ಒಂದೇ. ಆಗ ಬುಷ್ ಹೊಸ ತೆರಿಗೆ ಕಡಿತದ ಯೋಜನೆ ಮುಂದಿಟ್ಟಿದ್ದರು. ಅವರ ರಿಪಬ್ಲಿಕನ್ ಪಕ್ಷದ ವೆಬ್‌ಸೈಟಿನಲ್ಲೇ ಆ ಪತ್ರ ಸಿದ್ಧವಾಗಿತ್ತು. ಕಳಿಸಿದವರಿಗೆ ಪಾಯಿಂಟು, ಪಾಯಿಂಟು ಕೂಡಿದರೆ ಪಕ್ಷದ ಸಣ್ಣಪುಟ್ಟ ಸಾಮಾನು. ಬಾಸ್ಟನ್ ಗ್ಲೋಬ್‌ನಂಥ ದೊಡ್ಡ ಪತ್ರಿಕೆಯೂ ಮೋಸಹೋಯಿತು. ಗುಟ್ಟು ರಟ್ಟಾದ ಮೇಲೆ ಆ ನಕಲಿ ಪತ್ರವೇ ಸುದ್ದಿಯಾಯಿತು. ಹೀಗೆ ಮೇಲಿನಿಂದ ಹಾಸಿದ ಜನಾಭಿಪ್ರಾಯಕ್ಕೆ ಅಲ್ಲಿ ಪ್ಲಾಸ್ಟಿಕ್ ಹುಲ್ಲಿನ ಹೆಸರಿಟ್ಟಿದ್ದಾರೆ, ಆಸ್ಟ್ರೋಟರ್ಫ್ ಅಂತ.

ಹಾಗಾದರೆ ಏನು ಬರೆಯಬೇಕು? ನಿಮ್ಮ ಬೀದಿಯ ಲೆಕ್ಕ ಬರೆಯಿರಿ. ನಿಮ್ಮದು ಯಾವ ಪಕ್ಷ ಅಂತ ನನಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ಅನ್ನಿ, ಪಿಎಂ ಕಿಸಾನ್‌ನಲ್ಲಿ ವರ್ಷಕ್ಕೆ ಮೂರು ಕಂತಲ್ಲಿ ಬರುವ 6,000 ಅನ್ನಿ, ಯೋಜನೆಯ ಹೆಸರು ಓದುಗರಿಗೆ ಆಗಲೇ ಗೊತ್ತು. ಆ ದುಡ್ಡು ನಿಮ್ಮ ಮನೆಯಲ್ಲಿ ಎಲ್ಲಿ ಹೋಯಿತು? ಚೀಟಿಗೋ, ಗೊಬ್ಬರಕ್ಕೋ, ಮಗಳ ಟ್ಯೂಷನ್‌ಗೋ? ಯಾವ ತಿಂಗಳು ತಡವಾಯಿತು? ತಡವಾದದ್ದನ್ನೂ ಬರೆಯಿರಿ, ಆಗ ಉಳಿದದ್ದನ್ನು ಜನ ನಂಬುತ್ತಾರೆ. ‘ನಾನು ಈ ಪಕ್ಷದ ಕಾರ್ಯಕರ್ತ’ ಅಂತ ಮೊದಲ ಸಾಲಿನಲ್ಲೇ ಹೇಳಿಬಿಡಿ, ಇಲ್ಲದಿದ್ದರೆ ಮಾರನೆಯ ವಾರ ಎದುರು ಪಕ್ಷದವರು ಹೇಳುತ್ತಾರೆ.

ದೇಶದ ದೊಡ್ಡ ದೊಡ್ಡ ಅಂಕಿ ತುಂಬಬೇಡಿ. 2003–04ರಲ್ಲಿ ನಮ್ಮ ಆರ್ಥಿಕ ಬೆಳವಣಿಗೆ ಶೇ. 8ರ ಆಸುಪಾಸಿನಲ್ಲಿತ್ತು, ‘ಭಾರತ ಹೊಳೆಯುತ್ತಿದೆ’ ಅನ್ನೋ ಸರ್ಕಾರದ ‘ಇಂಡಿಯಾ ಶೈನಿಂಗ್’ ಜಾಹೀರಾತು ಎಲ್ಲೆಲ್ಲೂ ಇತ್ತು. 2004ರ ಚುನಾವಣೆಯಲ್ಲಿ ವಾಜಪೇಯಿ ಸರ್ಕಾರ ಸೋತಿತು. ಸೋಲಿಗೆ ಬೇರೆ ಕಾರಣಗಳೂ ಇದ್ದವು, ಆದರೆ ತನ್ನ ಮನೆಯಲ್ಲಿ ಕಾಣದ ಹೊಳಪನ್ನು ಟಿವಿಯಲ್ಲಿ ತೋರಿಸಿದರೆ ಯಾರಿಗಾದರೂ ಸಿಟ್ಟು ಬರುತ್ತೆ, ಅಲ್ವಾ?

ಪ್ರಶ್ನೆ: ನಮ್ಮೂರಿನ ಸಮುದಾಯ ಬಾನುಲಿಯಲ್ಲಿ ನಮ್ಮ ಪಕ್ಷದ ಸಾಧನೆ ಬಗ್ಗೆ ಮಾತಾಡಬಹುದಾ? ಕೇಬಲ್ ಚಾನೆಲ್‌ಗೆ ದುಡ್ಡು ಕೊಟ್ಟು ಹಾಕಿಸಿದರೆ?
– ಇನ್ನೊಬ್ಬರು, ಕೋಲಾರ

ಉತ್ತರ: ಸಮುದಾಯ ಬಾನುಲಿಯಲ್ಲಿ ಪಕ್ಷದ ಪ್ರಚಾರಕ್ಕೆ ಅವಕಾಶ ಇಲ್ಲ. ಅವರ ಲೈಸೆನ್ಸಿಗೆ ಕುತ್ತು ತರಬೇಡಿ. ಕೇಬಲ್‌ನಲ್ಲಿ ಚುನಾವಣೆ ಹೊತ್ತಿನ ರಾಜಕೀಯ ಜಾಹೀರಾತಿಗೆ ಎಂಸಿಎಂಸಿ, ಅಂದರೆ ಇಂಥ ಜಾಹೀರಾತುಗಳನ್ನು ಪರಿಶೀಲಿಸುವ ಸಮಿತಿಯ ಒಪ್ಪಿಗೆ ಮೊದಲೇ ಬೇಕು. ಮತದಾನ ಮುಗಿಯುವ ಮುಂಚಿನ 48 ಗಂಟೆ ಟಿವಿಯಲ್ಲಿ ಪ್ರಚಾರವೇ ಇಲ್ಲ. ಕರಪತ್ರ ಹಂಚುವುದಾದರೆ ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ ಅದರ ಮೇಲಿರಬೇಕು. ಇನ್ನು ದುಡ್ಡು ಕೊಟ್ಟು ಸುದ್ದಿಯ ಹಾಗೆ ಹಾಕಿಸೋದು, ಅದಕ್ಕೆ ಪೇಯ್ಡ್ ನ್ಯೂಸ್ ಅಂತಾರೆ. ಸಿಕ್ಕಿಬಿದ್ದರೆ ಆ ಖರ್ಚು ನಿಮ್ಮ ಅಭ್ಯರ್ಥಿಯ ಲೆಕ್ಕಕ್ಕೆ ಬೀಳುತ್ತೆ. ಆಮೇಲೆ ಅವರು ಮೊದಲು ಹುಡುಕೋದು ನಿಮ್ಮನ್ನೇ.